ವೇದಿಕೆಯ ಮೇಲಿನ ನೀರು

ಮಗಳು ಮಾತು ಮುಗಿಸಿ ಫೋನಿಟ್ಟ ಮೇಲೂ ಮೇಷ್ಟ್ರು ಅದನ್ನು ಕಿವಿಗೆ ಒತ್ತಿಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವಳು ಹೆಚ್ಚೇನೂ ಹೇಳಿರಲಿಲ್ಲ. ತಾನು ಕೆಲಸ ಮಾಡುವ ಆಸ್ಪತ್ರೆಯ ಹೊಸ ಕಟ್ಟಡವನ್ನು ಇವತ್ತು ಮಧ್ಯಾಹ್ನ ಉದ್ಘಾಟಿಸುವವರು ಆಶ್ರಮದ ಗುರುಗಳೇ ಎಂದು ಗೊತ್ತಾದದ್ದು ನಿನ್ನೆಯಂತೆ, ಮೆಟ್ಟಿಲ ಪಕ್ಕದ ಗೋಡೆಗೆಲ್ಲ ಅವರ ಚಿತ್ರ ಅಂಟಿಸಿದ್ದಾರಂತೆ, ತಾನಿರುವ ರಕ್ತಪರೀಕ್ಷೆಯ ವಿಭಾಗದವರೂ ಸಭೆಗೆ ಬಂದು ಕೂರಲೇಬೇಕೆಂದು ಮೇಲಿನವರ ಅಪ್ಪಣೆಯಾಗಿದೆಯಂತೆ. ಇಷ್ಟನ್ನು ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿ, ಆಮೇಲೆ ದನಿ ತಗ್ಗಿಸಿ, "ಅಪ್ಪ, ನೀವು ಬನ್ನಿ. ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನನ್ನ ರೂಮಿನವರಿಗೆಲ್ಲ ಪರಿಚಯ ಮಾಡಿಸ್ತೀನಿ. ಆದ್ರೆ ವೇದಿಕೆ ಹತ್ಬೇಡಿ. ಇದೊಂದು ಸಲ," ಎಂದಿದ್ದಳು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಬೇಕಾಗುತ್ತಿತ್ತು, ಹೇಳಿದ್ದನ್ನು ಅವರು ಕೇಳಿಸಿಕೊಳ್ಳಬೇಕಾಗುತ್ತಿತ್ತು, ಆ ಫಜೀತಿ ಇಬ್ಬರಿಗೂ ಬೇಕಿರಲಿಲ್ಲ. ಆಗಲಿ ಕಣಮ್ಮ, ಗುರುಗಳಿಗೆ ಒಂದು ಮಾತು ಹೇಳ್ತೀನಿ ಎಂದಿದ್ದರು. ಎಷ್ಟು ಸಲೀಸಾಗಿ ಅಂದುಬಿಟ್ಟೆ ಎಂದು ಈಗ ಅನ್ನಿಸಿತು.

ಹೆಂಡತಿ ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅದು ವೇದಿಕೆಯ ಅಂಗಿ, ಪಾಠದ ಅಂಗಿ ಬೇರೆ. ಪಾಠದ ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ಹತ್ತಿ ಹತ್ತಿ ಬಟ್ಟೆಯೇ ಆ ಬಣ್ಣಕ್ಕೆ ತಿರುಗಿತ್ತು, ಮತ್ತು ಅದನ್ನು ಹಾಕಿಕೊಂಡಾಗಲೆಲ್ಲ ಮೇಷ್ಟ್ರಿಗೆ ತಾನು ಒಬ್ಬ ಮನುಷ್ಯನ ತೂಕಕ್ಕೆ ಬಂದೆ ಅನ್ನಿಸುತ್ತಿತ್ತು. ಗುರುಗಳ ಆಶ್ರಮದ ಶಾಲೆಯಲ್ಲಿ ಅವರು ಸಂಸ್ಕೃತ ವ್ಯಾಕರಣ ಕಲಿಸುತ್ತಾರೆ, ತಕ್ಕಮಟ್ಟಿಗೆ ಅಲ್ಲ, ಚೆನ್ನಾಗಿಯೇ ಕಲಿಸುತ್ತಾರೆ, ಆದರೆ ಹೊರಗಿನವರಿಗೆ ಅವರು ನೀರಿನ ಮೇಷ್ಟ್ರು. ಗುರುಗಳು ಎಲ್ಲಿ ಭಾಷಣಕ್ಕೆ ಹೋಗಲಿ, ಭಾಷಣ ಅರ್ಧಕ್ಕೆ ಬಂದಾಗ ನಿಲ್ಲಿಸಿ, ಮೈಕನ್ನು ಪಕ್ಕಕ್ಕೆ ಸರಿಸಿ, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು, ಇವನು ಯಾರ ಮಗ ಗೊತ್ತೇ ಎಂದು ಕೇಳುತ್ತಾರೆ. ಸಭೆ ಸುಮ್ಮನಾಗುತ್ತದೆ. ಗುರುಗಳು ಆ ಮೌನವನ್ನು ಸ್ವಲ್ಪ ಹೊತ್ತು ಹಾಗೇ ಬಿಡುತ್ತಾರೆ. ಆಮೇಲೆ ಕೇರಿಯ ಹೆಸರು ಹೇಳುತ್ತಾರೆ, ಜಾತಿಯ ಹೆಸರು ಹೇಳುತ್ತಾರೆ, ಇವನಪ್ಪ ಸತ್ತ ದನ ಎಳೆಯುತ್ತಿದ್ದ ಎಂದು ಹೇಳುತ್ತಾರೆ, ಮತ್ತು ಕುರ್ಚಿಯಿಂದೆದ್ದು, ಬಾಗಿ, ಬೊಗಸೆಯೊಡ್ಡುತ್ತಾರೆ. ಮೇಷ್ಟ್ರು ತಂಬಿಗೆಯಿಂದ ನೀರು ಹೊಯ್ಯುತ್ತಾರೆ. ಗುರುಗಳು ಗಟಗಟ ಕುಡಿಯುತ್ತಾರೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಮ್ಮೆ ಯಾವುದೋ ಊರಿನಲ್ಲಿ ಹಿರಿಯ ಪಂಡಿತರೊಬ್ಬರು ಸಭೆಗೆ ಮೊದಲು ಇವರ ಪಕ್ಕದಲ್ಲಿ ಕೂತು, ಸಮಾಸದ ಬಗ್ಗೆ ನೀವು ಬರೆದದ್ದು ಓದಿದೆ, ಒಂದು ಸಂದೇಹವಿದೆ ಎಂದು ಶುರುಮಾಡಿದಾಗ ಆಶ್ರಮದ ಕಾರ್ಯದರ್ಶಿ ನಡುವೆ ಬಂದು, ಅದೆಲ್ಲ ಆಮೇಲೆ, ಮೊದಲು ನೀರು ಎಂದಿದ್ದ. ಆಮೇಲೆ ಎಂಬುದು ಬರಲಿಲ್ಲ. ಪಂಡಿತರು ನೀರು ಹೊಯ್ಯುವುದನ್ನು ನೋಡಿದ ಮೇಲೆ ಕೈ ಮುಗಿದು ಹೋಗಿಬಿಟ್ಟರು, ಸಂದೇಹವನ್ನೂ ಜೊತೆಗೇ ತೆಗೆದುಕೊಂಡು ಹೋದರು.

"ಕೇಳೋಕೇನು ಕಪ್ಪಕಾಣಿಕೆ ಕೊಡ್ಬೇಕಾ? ಬಾಯಿ ಬಿಟ್ಟು ಹೇಳಿ. ಮಗಳಿಗೆ ಮುಜುಗರ ಆಗುತ್ತೆ ಅನ್ನಿ. ಮುಗೀತು," ಎಂದಳು ಹೆಂಡತಿ. ಅಂಗಿಯ ಕಾಲರನ್ನು ಒತ್ತುತ್ತಾ, ತನಗೇ ಹೇಳಿಕೊಳ್ಳುವಂತೆ, ನಿಮ್ಮ ಕೈನೀರು ಕುಡಿದು ಅವರು ದೊಡ್ಡವರಾದ್ರು, ನೀವು ಕುಡಿಸಿ ಕುಡಿಸಿ ಇನ್ನೂ ಅದೇ ಕೇರಿಯಲ್ಲೇ ಇದ್ದೀರಿ ಎಂದೂ ಸೇರಿಸಿದಳು. ಮೇಷ್ಟ್ರಿಗೆ ರೇಗಿತು. ರೇಗಿದ್ದು ಮಾತು ಸುಳ್ಳೆಂದಲ್ಲ, ಅದನ್ನು ಅಷ್ಟು ಸುಲಭವಾಗಿ ಇಸ್ತ್ರಿಪೆಟ್ಟಿಗೆಯ ಹಿಂದೆ ನಿಂತು ಆಡಿದಳಲ್ಲ ಎಂದು. ಗುರುಗಳು ಅಂದು ಬಂದಿರದಿದ್ದರೆ ನಾನೂ ದನ ಎಳೀತಿದ್ದೆ, ನೀನೂ ಎಲ್ಲೋ ಇರ್ತಿದ್ದೆ ಎಂದು ಗುಡುಗಿ, ಅಂಗಿ ಕಿತ್ತುಕೊಂಡು ಹಾಕಿಕೊಂಡು ಹೊರಟರು. ಗುಂಡಿಗಳು ಇನ್ನೂ ಬಿಸಿಯಾಗಿದ್ದವು.

ಶಾಲೆಯ ಹಿಂದಿನ ಹಾದಿಯಲ್ಲಿ ನಡೆಯುತ್ತಾ ಅವರು ಗುರುಗಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟತೊಡಗಿದರು. ಕಟ್ಟಿದ ಹಾಗೆಲ್ಲ ಅದು ಕೃತಘ್ನನ ಮಾತಾಗಿ ಕೇಳಿಸುತ್ತಿತ್ತು. ಯಾಕೆಂದರೆ ಮೊದಲ ದಿನದ ನೀರಿನಲ್ಲಿ ನಾಟಕವಿರಲಿಲ್ಲ, ಅದನ್ನು ಅವರು ಯಾರ ಮುಂದೆ ಬೇಕಾದರೂ ಆಣೆಯಿಟ್ಟು ಹೇಳಬಲ್ಲರು. ಬಿಸಿಲು, ಕೇರಿಯ ಬಾಯಲ್ಲಿ ಕಾವಿ ಬಟ್ಟೆಯ ಒಬ್ಬ ಎಳೆ ಸನ್ಯಾಸಿ, ಗುಡಿಸಲ ಮುಂದೆ ಬರಿಮೈಯಲ್ಲಿ ನಿಂತ ತಾನು. ನೀರು ಕೊಡ್ತೀಯಾ ಮಗು ಎಂದರು. ಅಪ್ಪ ಒಳಗಿಂದ ಓಡಿಬಂದು, ಬೇಡ ಸ್ವಾಮಿ, ನಮ್ಮನ್ನ ಕೊಲ್ತಾರೆ ಎಂದು ಮಣ್ಣಿಗೆ ಬಿದ್ದ. ಊರವರ ಮನೆಯ ಮುಂದೆ ಬಾಗಿ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯುವುದು ಕೇರಿಯವರಿಗೆ ವಿಧಿಸಿದ್ದ ರೀತಿ. ಆ ಸನ್ಯಾಸಿ ಕೇರಿಯ ಹುಡುಗನ ಮುಂದೆ ತಾವೇ ಹಾಗೆ ಬಾಗಿದರು. ಕುಡಿದು ಮುಖ ಎತ್ತುವಷ್ಟರಲ್ಲಿ ಕಲ್ಲು ಬಿತ್ತು. ಹುಬ್ಬಿನ ಮೇಲಿನ ಆ ಗಾಯದ ಗುರುತು ಇವತ್ತಿಗೂ ಇದೆ. ಅವರ ಮಠ ಅವರನ್ನು ಹೊರಹಾಕಿತು, ಹೆತ್ತ ತಾಯಿ ಸಾಯುವ ತನಕ ಮುಖ ನೋಡಲಿಲ್ಲ. ಇಷ್ಟನ್ನೆಲ್ಲ ತೆತ್ತವರ ಮುಂದೆ ಹೋಗಿ ನನ್ನ ಮಗಳಿಗೆ ಮುಜುಗರ ಆಗುತ್ತೆ ಎನ್ನುವುದು ಹೇಗೆ? ತಮ್ಮನಾದರೆ ಸಲೀಸಾಗಿ ಅನ್ನುತ್ತಿದ್ದ. ಕೇರಿಯಲ್ಲೇ ಉಳಿದ ತಮ್ಮ, ಒಮ್ಮೆ ಮನೆಗೆ ಬಂದವನು, ಅಣ್ಣಾ, ನಮ್ಮ ಮನೆ ನೀರನ್ನ ಆ ಊರಲ್ಲಿ ಇವತ್ತಿಗೂ ಯಾರೂ ಮುಟ್ಟಲ್ಲ, ನಿನ್ನ ನೀರಿಗೆ ಮಾತ್ರ ಅದೇನು ಇಷ್ಟೊಂದು ಗಿರಾಕಿ ಎಂದು ನಕ್ಕಿದ್ದ. ಮೇಷ್ಟ್ರೂ ನಕ್ಕಿದ್ದರು. ಆ ನಗು ಆಮೇಲೆ ಎಷ್ಟೋ ದಿನ ಮೈಮೇಲೆ ಕಡಿಯುತ್ತಿತ್ತು. ಮತ್ತು ನಿಜ ಹೇಳಬೇಕೆಂದರೆ, ಕಾಲೇಜಿನ ದಿನಗಳಲ್ಲಿ ಆ ಚಪ್ಪಾಳೆ ತನಗೇ ಎಂದು ನಂಬಿ ಅವರು ಕನ್ನಡಿಯ ಮುಂದೆ ತಲೆ ಬಾಚಿಕೊಂಡು ವೇದಿಕೆಗೆ ಹೋದದ್ದೂ ಇತ್ತು.

ಗುರುಗಳ ಕೋಣೆಯಲ್ಲಿ ಬೇರಾರೂ ಇರಲಿಲ್ಲ. ಕಿಟಕಿಯ ಬಳಿಯ ಮಂಚದ ಮೇಲೆ, ಕಾಲಿಗೆ ಶಾಲು ಹೊದ್ದು, ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ಮೇಷ್ಟ್ರನ್ನು ಕಂಡು ಮುಖ ಅರಳಿತು. ಬಾ ಮಗು, ನಿನ್ನ ಹುಡುಗರು ಕ್ರಿಯಾಪದ ಕೂಗೋದು ಇಲ್ಲಿ ತನಕ ಕೇಳಿಸುತ್ತೆ, ಒಬ್ಬನಿಗೂ ನಿದ್ದೆ ಮಾಡೋಕೆ ಬಿಡಲ್ಲವಲ್ಲ ನೀನು ಎಂದು ತಮಾಷೆ ಮಾಡಿದರು. ತಮಾಷೆಯ ಕೊನೆಗೆ ಕೆಮ್ಮು ಬಂತು. ಈಚೆಗೆ ಬಂದರೆ ನಿಲ್ಲದ ಕೆಮ್ಮು, ಎದೆಯನ್ನು ಬುಡದಿಂದ ಅಲ್ಲಾಡಿಸುವಂಥದು. ಮೇಜಿನ ಮೇಲೆ ನೀರಿನ ಹೂಜಿ ಇತ್ತು, ಮಗುಚಿಟ್ಟ ಲೋಟವಿತ್ತು, ಎರಡೂ ಮೇಷ್ಟ್ರ ಕೈಗೆಟುಕುವಷ್ಟು ಹತ್ತಿರ. ಅವರು ಲೋಟ ಎತ್ತಿ ಹೂಜಿ ಬಾಗಿಸಿದರು. ಗುರುಗಳು ಕೆಮ್ಮುತ್ತಲೇ ಕೈ ಅಡ್ಡ ಆಡಿಸಿ, "ಇರು, ಇರು. ಅವನು ಬರ್ತಾನೆ," ಎಂದರು.

ಅವನು ಎಂದರೆ ಹಳೆಯ ಪರಿಚಾರಕ, ಗುರುಗಳ ಜೊತೆಯಲ್ಲೇ ಮಠ ಬಿಟ್ಟು ಬಂದವನು, ಅವರ ಕುಲದವನೇ. ಅವನು ಹಿತ್ತಲಲ್ಲೆಲ್ಲೋ ಇದ್ದವನು ಬರುವುದಕ್ಕೆ ಹೊತ್ತಾಯಿತು. ಅಷ್ಟೂ ಹೊತ್ತು ಗುರುಗಳು ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದರು, ಮೇಷ್ಟ್ರು ಅರ್ಧ ತುಂಬಿದ ಲೋಟ ಹಿಡಿದುಕೊಂಡು ನಿಂತರು. ಪರಿಚಾರಕ ಬಂದ. ಮೇಷ್ಟ್ರ ಕೈಯಿಂದ ಲೋಟ ತೆಗೆದುಕೊಂಡು, ಅದರ ನೀರನ್ನು ಕಿಟಕಿಯಾಚೆ ಚೆಲ್ಲಿ, ಹೊಸದಾಗಿ ತುಂಬಿ, ಗುರುಗಳ ತುಟಿಗೆ ಹಿಡಿದ. ಅವರು ಮಗುವಿನ ಹಾಗೆ ಕುಡಿದರು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಅಲ್ಲಿ ಏನೂ ನಡೆದೇ ಇರಲಿಲ್ಲ. ಇವನ ಕೆಲಸ ಇವನದು, ಔಷಧಿ ಕೊಡುವವನೂ ಇವನೇ, ನೀರು ಬಿಸಿಯೋ ತಣ್ಣಗೋ ಎಂದು ಇವನಿಗೇ ಗೊತ್ತು, ಅದಕ್ಕೇ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಇರಬಹುದು, ಖಂಡಿತ ಅಷ್ಟೇ ಇರಬಹುದು. ಆದರೆ ಮನಸ್ಸು ಆಗಲೇ ಹಿಂದಕ್ಕೆ ಓಡಿ, ವೇದಿಕೆಯಿಲ್ಲದ ಜಾಗದಲ್ಲಿ, ನೋಡುವವರಿಲ್ಲದ ಹೊತ್ತಿನಲ್ಲಿ, ಜ್ವರದಲ್ಲೋ ಪ್ರಯಾಣದಲ್ಲೋ ಊಟದ ನಡುವೆಯೋ ಗುರುಗಳು ತನ್ನ ಕೈಯಿಂದ ಒಂದೇ ಒಂದು ಲೋಟ ನೀರು ಕುಡಿದದ್ದುಂಟೇ ಎಂದು ತಡಕಾಡತೊಡಗಿತ್ತು. ಕೇರಿಯ ಆ ಮೊದಲ ದಿನ ಬಿಟ್ಟರೆ ಇನ್ನೊಂದು ಸಿಗಲಿಲ್ಲ. ಅಂದು ಕೂಡ ಊರವರು ನೋಡುತ್ತಿದ್ದರಲ್ಲ ಎಂಬ ಯೋಚನೆ ಬಂದದ್ದೇ ತಡ, ಮೇಷ್ಟ್ರಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಕಲ್ಲೇಟು ತಿಂದ ಹಣೆ ಎದುರಿಗೇ ಇತ್ತು.

ಏನೋ ಹೇಳೋಕೆ ಬಂದೆಯಲ್ಲ ಎಂದರು ಗುರುಗಳು. ಈಗಷ್ಟೇ ಇವರ ಬಗ್ಗೆ ಎಂಥ ಯೋಚನೆ ಮಾಡಿದೆ ಎಂಬ ಪಾಪಪ್ರಜ್ಞೆ ಮೇಷ್ಟ್ರಿಗೆ ಅಂಟಿಕೊಂಡಿತ್ತು. ಅದನ್ನು ತೊಳೆದುಕೊಳ್ಳುವವರಂತೆ ಅವರು ವಿನಯದ ಮೇಲೆ ವಿನಯ ಹೇರಿ ಮಾತಾಡಿದರು. "ಗುರುಗಳೇ, ಇವತ್ತು ತಾವು ಹೋಗ್ತಿರೋ ಆಸ್ಪತ್ರೆಯಲ್ಲೇ ನನ್ನ ಮಗಳು ಕೆಲಸ ಮಾಡೋದು. ತಮ್ಮ ಆಶೀರ್ವಾದದಿಂದ ಓದಿ ಮುಂದೆ ಬಂದವಳು. ಇಷ್ಟು ವರ್ಷ ಈ ಸೇವೆ ನನಗೆ ಸಿಕ್ಕಿದ್ದು ನನ್ನ ಪುಣ್ಯ. ಇವತ್ತು ಅವಳೂ ಸಭೇಲಿ ಇರ್ತಾಳೆ. ಅದಕ್ಕೇ, ತಾವು ಒಪ್ಪೋದಾದ್ರೆ, ಇದೊಂದು ಸಲ ನಾನು ಮೇಲೆ ಬರದೆ ಕೆಳಗೇ ಕೂತ್ಕೊಂಡ್ರೆ ಹೇಗೆ ಅಂತ. ಅವಳ ಮನಸ್ಸಲ್ಲೂ ಅದೇ ಇದೆ. ತಾವು ತಿಳಿದವರು, ನಾನು ಹೆಚ್ಚು ಹೇಳ್ಬೇಕಾಗಿಲ್ಲ." ತಮ್ಮ ವಿದ್ಯಾರ್ಥಿಯೊಬ್ಬ ಹೀಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಬರೆದಿದ್ದರೆ ಅವರು ಕೆಂಪುಶಾಯಿಯಲ್ಲಿ ಗೀಟೆಳೆಯುತ್ತಿದ್ದರು. ಆದರೆ ಗುರುಗಳ ಮುಂದೆ ಬೇಡ ಎಂಬ ಪದ ಆಡುವ ರೂಢಿ ಆ ಆಶ್ರಮದಲ್ಲಿ ಯಾರಿಗೂ ಇರಲಿಲ್ಲ. ಅಲ್ಲಿ ಎಲ್ಲರೂ ಬೇಡವಾದದ್ದನ್ನು ಕೃಪೆಯ ಬಟ್ಟೆಯಲ್ಲಿ ಸುತ್ತಿ ಅವರ ಪಾದದ ಬಳಿ ಇಡುತ್ತಿದ್ದರು, ಬಿಚ್ಚಿ ನೋಡುವುದು ಅವರಿಗೆ ಬಿಟ್ಟದ್ದು.

ಗುರುಗಳು ಕನ್ನಡಕ ಕೆಳಗಿಳಿಸಿ ಮೇಷ್ಟ್ರನ್ನೇ ನೋಡಿದರು. ಕಣ್ಣು ತೇವವಾಗಿತ್ತು, ಕೆಮ್ಮಿನಿಂದಲ್ಲ. "ನಾನೇ ಯೋಚಿಸ್ಬೇಕಾಗಿತ್ತು ಮಗು. ನೀನಾಗಿ ಬಂದು ಕೇಳೋ ಹಾಗಾಯ್ತು. ಇವತ್ತು ನೀನು ಮೇಲೆ ಬರ್ಬೇಡ. ಕೆಳಗೆ ನೆಮ್ಮದಿಯಾಗಿ ಕೂತ್ಕೊಂಡು ನೋಡು," ಎಂದು ಅವರ ಕೈ ಹಿಡಿದು ಒತ್ತಿದರು. ಮೇಷ್ಟ್ರಿಗೆ ಎದೆಯ ಮೇಲಿನ ಭಾರ ಇಳಿದು ಹಗುರಾಯಿತು, ನಾಚಿಕೆಯೂ ಆಯಿತು. ಲೋಟದ ವಿಷಯವನ್ನು ಮನಸ್ಸಿನಿಂದ ತೆಗೆದುಹಾಕಿದರು. ಇಂಥವರ ಮೇಲೆ ಸಂಶಯಪಟ್ಟೆನಲ್ಲ ಎಂದು ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ತಮ್ಮನ್ನು ತಾವೇ ಬೈದುಕೊಂಡರು.

ಆಸ್ಪತ್ರೆಯ ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಮಗಳು ಬಾಗಿಲಲ್ಲೇ ಕಾದಿದ್ದಳು. ಅಪ್ಪನ ಮುಖ ನೋಡಿ, ಹೇಳಿದ್ರಾ ಎಂದು ಹುಬ್ಬಿನಲ್ಲೇ ಕೇಳಿದಳು. ಅವರು ತಲೆಯಾಡಿಸಿದರು. ಅವಳ ಹೆಗಲು ಸಡಿಲವಾದದ್ದು ಅವರಿಗೆ ಕಾಣಿಸಿತು, ಅಷ್ಟು ಬಿಗಿಹಿಡಿದಿದ್ದಳೆಂದು ಆಗಲೇ ಗೊತ್ತಾದದ್ದು. ಒಂದೇ ಕೋಣೆಯಲ್ಲಿ ಇವಳ ಜೊತೆ ಇರುವ ಹುಡುಗಿಯರು ಸುತ್ತ ನೆರೆದರು. ಅಂಕಲ್, ನೀವು ಸಂಸ್ಕೃತ ಮೇಷ್ಟ್ರಂತೆ, ನನ್ನ ಹೆಸರಿಗೆ ಅರ್ಥ ಹೇಳಿ ಎಂದು ಒಬ್ಬಳು ಗಂಟುಬಿದ್ದಳು. ಮೇಷ್ಟ್ರು ಹೆಸರನ್ನು ಬಿಡಿಸಿ, ಧಾತು ಹೇಳಿ, ಪ್ರತ್ಯಯ ಹೇಳಿ, ಕೊನೆಗೆ ಅದು ಹೆಣ್ಣಿಗೆ ಇಡುವ ಹೆಸರೇ ಅಲ್ಲ, ನಿಮ್ಮಪ್ಪನಿಗೆ ಗಂಡುಮಗು ಬೇಕಿತ್ತೇನೋ ಎಂದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಇವರು ಎಲ್ಲದಕ್ಕೂ ಹೀಗೇ ಎಂದು ಮಗಳು ಹೆಮ್ಮೆಯಿಂದ ಗೊಣಗಿದಳು. ಆ ಹುಡುಗಿ ತನ್ನ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ನೋಡದೆಯೇ ಮಗಳ ಕೈಗೆ ದಾಟಿಸಿದಳು, ಮಗಳು ಕುಡಿದು ಮುಚ್ಚಳ ಹಾಕಿದಳು. ಮೇಷ್ಟ್ರು ಅದನ್ನು ನೋಡಿದರು. ಭಾಷಣವಿಲ್ಲ, ಬೊಗಸೆಯಿಲ್ಲ. ಇದೇ ತಾನೇ ಗುರುಗಳು ಜೀವಮಾನವೆಲ್ಲ ಬೇಡಿದ್ದು ಎಂದು ಅವರಿಗೆ ಅನ್ನಿಸಿತು, ಮತ್ತು ಬದುಕಿನಲ್ಲಿ ಮೊದಲ ಸಲ ಗುರುಗಳ ಸಭೆಯೊಂದರಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂತರು.

ಗುರುಗಳು ಚೆನ್ನಾಗಿಯೇ ಮಾತಾಡಿದರು. ರಕ್ತದ ಬಾಟಲಿಯ ಮೇಲೆ ಗುಂಪು ಬರೆದಿರುತ್ತೆ, ಜಾತಿ ಬರೆದಿರಲ್ಲ ಎಂದರು. ಸಭೆ ನಕ್ಕು ಚಪ್ಪಾಳೆ ತಟ್ಟಿತು. ಮೇಷ್ಟ್ರೂ ತಟ್ಟಿದರು. ಆಮೇಲೆ ಗುರುಗಳು ಮೈಕನ್ನು ಪಕ್ಕಕ್ಕೆ ಸರಿಸಿದರು. ಮೇಷ್ಟ್ರ ಕಾಲು ತಾನಾಗಿ ಕೆಳಗಿಳಿಯಿತು. "ಇಷ್ಟು ವರ್ಷ ನನಗೆ ನೀರು ಕೊಟ್ಟ ಕೈ ಇವತ್ತು ನಿಮ್ಮ ನಡುವೆ ಕೂತಿದೆ. ಅವನು ಯಾರ ಮಗ ಗೊತ್ತೇ?" ಮೌನ. ಕೇರಿಯ ಹೆಸರು, ಜಾತಿಯ ಹೆಸರು, ದನ ಎಳೆಯುತ್ತಿದ್ದ ಅಪ್ಪ. "ಇವತ್ತು ಬೆಳಿಗ್ಗೆ ತಾನಾಗಿಯೇ ನನ್ನ ಬಳಿ ಬಂದ. ನಾನು ಕೆಳಗೆ ಕೂತ್ಕೊಳ್ತೀನಿ, ನನ್ನ ಸೇವೆ ನನ್ನ ಮಗಳಿಗೆ ಸಿಗಲಿ ಅಂತ ಬೇಡಿಕೊಂಡ. ಆ ಮಗು ಇಲ್ಲೇ, ನಿಮ್ಮ ಆಸ್ಪತ್ರೆಯಲ್ಲೇ ಇದೆ. ನಿಮ್ಮ ರಕ್ತ ತೆಗೆಯುವ ಕೈ ಅದು. ಬಾ ತಾಯಿ, ನನಗೆ ಬಾಯಾರಿದೆ."

ಮಗಳು ಎದ್ದು ನಿಂತಿದ್ದಳು. ಯಾರೋ ಎಬ್ಬಿಸಿ ನಿಲ್ಲಿಸಿದ್ದರು. ಅವಳು ವೇದಿಕೆಯ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು. ಇನ್ನೂ ಹೊತ್ತಿತ್ತು. ಬೇಡ ಎಂಬ ಎರಡಕ್ಷರಕ್ಕೆ ಬೇಕಾದಷ್ಟು ಹೊತ್ತಿತ್ತು. ಮೇಷ್ಟ್ರು ಎದ್ದರು, ಬಾಯಿ ತೆರೆದರು. ಅವರು ಎದ್ದದ್ದನ್ನು ಕಂಡು ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಪಕ್ಕದಲ್ಲಿದ್ದ ಹಿರಿಯ ವೈದ್ಯರು ಅವರ ಕೈ ಕುಲುಕಿದರು. ವೇದಿಕೆಯ ಮೇಲೆ ಎಪ್ಪತ್ತು ದಾಟಿದ ಮುದುಕರೊಬ್ಬರು, ಹುಬ್ಬಿನ ಮೇಲೆ ಹಳೆಯ ಗಾಯ ಹೊತ್ತವರು, ಎಲ್ಲರೆದುರು ಬಾಗಿ ಬೊಗಸೆಯೊಡ್ಡಿ ಕಾಯುತ್ತಿದ್ದರು. ಅವರ ಕಣ್ಣಲ್ಲಿ ಇದ್ದದ್ದು ಕಪಟವಲ್ಲ, ಅಕ್ಕರೆ. ಕಪಟವಾಗಿದ್ದರೆ ಮೇಷ್ಟ್ರು ಕೂಗುತ್ತಿದ್ದರೋ ಏನೋ. ಅವರ ಎರಡು ಕೈಗಳು ಮೇಲೆದ್ದವು, ಜೋಡಿಸಿಕೊಂಡವು, ಗುರುಗಳಿಗೆ ನಮಸ್ಕಾರ ಮಾಡಿದವು.

ಮಗಳು ಮೆಟ್ಟಿಲು ಹತ್ತಿದಳು. ದಿನಬೆಳಗಾದರೆ ಸೂಜಿ ಹಿಡಿಯುವ ಕೈ, ಒಂದು ಹನಿ ಚೆಲ್ಲಲಿಲ್ಲ. ಗುರುಗಳು ಗಟಗಟ ಕುಡಿದರು, ತೋಳಿನಿಂದ ಗಡ್ಡ ಒರೆಸಿಕೊಂಡರು. ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ಫೋಟೋ ಸರಿಯಾಗಿ ಬರಲಿಲ್ಲವೆಂದರು, ಕಾರ್ಯದರ್ಶಿ ಇನ್ನೊಮ್ಮೆ ಹೊಯ್ಯಮ್ಮ ಎಂದ, ಅವಳು ಇನ್ನೊಮ್ಮೆ ಹೊಯ್ದಳು.

ಸಭೆ ಮುಗಿದು ಜನ ಕರಗಿದ ಮೇಲೆ ಮೇಷ್ಟ್ರು ಅವಳನ್ನು ಹುಡುಕಿಕೊಂಡು ರಕ್ತಪರೀಕ್ಷೆಯ ವಿಭಾಗದ ಹೊರಗೆ ಬಂದರು. ಕಾರಿಡಾರಿನ ಆ ತುದಿಯಲ್ಲಿ ರೂಮಿನ ಹುಡುಗಿಯರು ಅವಳನ್ನು ಸುತ್ತುವರಿದಿದ್ದರು. ಹೆಸರಿನ ಅರ್ಥ ಕೇಳಿದ್ದವಳು ಅವಳನ್ನು ಬಿಗಿಯಾಗಿ ತಬ್ಬಿಕೊಂಡು, ಕಣ್ತುಂಬಿಕೊಂಡು, "ನಾವೇನೂ ಅಂದ್ಕೊಳ್ಳಲ್ಲ ಕಣೇ. ನಮ್ಮನೇಲಿ ಅಂಥದ್ದೆಲ್ಲ ನೋಡಲ್ಲ. ನಿಜವಾಗ್ಲೂ," ಎನ್ನುತ್ತಿದ್ದಳು. ಮಗಳು ಅವಳ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದಳು. ಮೇಷ್ಟ್ರನ್ನು ಕಂಡೊಡನೆ ಹುಡುಗಿಯರು ದೂರ ಸರಿದು, ಇಷ್ಟು ಹೊತ್ತಿನ ತನಕ ಇಲ್ಲದಿದ್ದ ಮರ್ಯಾದೆಯಿಂದ ಕೈ ಮುಗಿದು ಹೋದರು.

ಅಪ್ಪ ಮಗಳಿಬ್ಬರೇ ಉಳಿದರು. "ನೀವೇ ಬೇಡ್ಕೊಂಡ್ರಂತೆ," ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇಲ್ಲ ಕಣಮ್ಮ, ನಾನು ಹೇಳಿದ್ದೇ ಬೇರೆ, ನೀನು ಹೇಳಿದ್ದನ್ನೇ ಹೇಳಿದೆ, ಗುರುಗಳು ತಪ್ಪು ತಿಳ್ಕೊಂಡ್ರು, ವಯಸ್ಸಾಯ್ತಲ್ಲ ಎಂದು ಮೇಷ್ಟ್ರು ಒಂದೇ ಉಸಿರಿಗೆ ಹೇಳಿದರು. ಅವಳು ಕೇಳಿಸಿಕೊಂಡಳು. ಆಮೇಲೆ, ರೋಗಿಯೊಬ್ಬನಿಗೆ ಏನು ತಿಂದಿದ್ದೆ, ಯಾವಾಗ ತಿಂದೆ ಎಂದು ಕೇಳುವವಳಂತೆ, "ಏನಂತ ಹೇಳಿದ್ರಿ ಅಪ್ಪ? ಹೇಳಿದ ಹಾಗೇ ಹೇಳಿ," ಎಂದಳು.

ಮೇಷ್ಟ್ರು ಬೇರೆ ಮಾತು ಹುಡುಕಿದರು, ಆದರೆ ಬಾಯಿಗೆ ಬಂದದ್ದು ಆ ಮಾತುಗಳೇ. ಆಸ್ಪತ್ರೆಯಲ್ಲೇ ನನ್ನ ಮಗಳು ಕೆಲಸ ಮಾಡೋದು. ತಮ್ಮ ಆಶೀರ್ವಾದದಿಂದ ಓದಿ ಮುಂದೆ ಬಂದವಳು. ಈ ಸೇವೆ ಸಿಕ್ಕಿದ್ದು ನನ್ನ ಪುಣ್ಯ. ಇದೊಂದು ಸಲ ನಾನು ಕೆಳಗೆ ಕೂತ್ಕೊಂಡ್ರೆ ಹೇಗೆ ಅಂತ. ಅವಳ ಮನಸ್ಸಲ್ಲೂ ಅದೇ ಇದೆ. ಒಂದೊಂದು ವಾಕ್ಯ ಹೊರಬಿದ್ದಂತೆಯೂ ಅದರಲ್ಲಿ ಬೇಡ ಎಂಬುದು ಎಲ್ಲಿದೆ ಎಂದು ಅವರೇ ಹುಡುಕುತ್ತಿದ್ದರು, ಮುಂದಿನದರಲ್ಲಿ ಇರಬಹುದೆಂದು ಮುಂದಿನದಕ್ಕೆ ಹೋಗುತ್ತಿದ್ದರು. ತಾವು ತಿಳಿದವರು ಎಂಬಲ್ಲಿಗೆ ಮಾತು ಮುಗಿದುಹೋಯಿತು.

ಮಗಳು ತಲೆಯಾಡಿಸಿ, "ಹಾಗಾದ್ರೆ ಗುರುಗಳದ್ದೇನೂ ತಪ್ಪಿಲ್ಲ," ಎಂದಳು. ಕೈಗವಸು ಎಳೆದುಕೊಳ್ಳುತ್ತಾ ಒಳಗೆ ಹೋದಳು. ಬಾಗಿಲ ಸಂದಿಯಿಂದ, ತೋಳು ಮೇಲೇರಿಸಿಕೊಂಡು ಸಾಲಾಗಿ ಕೂತವರು ಅವಳು ಬಂದದ್ದನ್ನು ಕಂಡು ಒಬ್ಬರಿಗೊಬ್ಬರು ಏನೋ ಹೇಳಿಕೊಂಡದ್ದು ಕಾಣಿಸಿತು. ಮುಂದಿನವನು ಚಾಚಿದ್ದ ತೋಳನ್ನು ಒಂದು ಗಳಿಗೆ ಹಿಂದಕ್ಕೆ ಎಳೆದುಕೊಂಡು, ಆಮೇಲೆ ನಗುತ್ತಾ ಮತ್ತೆ ಚಾಚಿದ. ಬಾಗಿಲು ಮುಚ್ಚಿತು.

ಗುರುಗಳು ಕಾರಲ್ಲಿ ಕಾಯ್ತಿದ್ದಾರೆ, ಮುಂದಿನ ಊರಿನ ಸಭೆಗೆ ಬರೋಕೆ ಮಗಳಿಗೆ ಯಾವಾಗ ರಜೆ ಸಿಗುತ್ತೆ ಕೇಳ್ಕೊಂಡು ಬಾ ಎಂದು ಕಾರ್ಯದರ್ಶಿ ಕಾರಿಡಾರಿನ ತುದಿಯಿಂದ ಕೂಗಿದ. ಮೇಷ್ಟ್ರು ಮುಚ್ಚಿದ ಬಾಗಿಲನ್ನು ನೋಡುತ್ತಾ, ಬಂದೆ ಎಂದರು.